ಅರವತ್ತೆರಡು ಪುಟ ಬಾಕಿ

ಈ ಕಥೆಯನ್ನು ಮೊದಲು ಹೇಳಿದವರು ದೇವಾನಂದ. ಮುಂಬಯಿ ಫೋರ್ಟಿನ ಹಳೆಯ ಕಟ್ಟಡವೊಂದರ ಎರಡನೆಯ ಮಾಳಿಗೆಯಲ್ಲಿ ನಮ್ಮ ಕನ್ನಡ ವಾಚನಾಲಯವಿದೆಯಲ್ಲ, ಅದನ್ನು ನೋಡಿಕೊಳ್ಳುವವರು ಅವರೇ. ಹೇಳಿದ್ದು 2025ರ ಮಾರ್ಚ್ ಎರಡರಂದು, ಭಾನುವಾರ ಸಂಜೆ. ಕೇಳಿದವರು ಹದಿನೆಂಟು ಜನ, ಅವರಲ್ಲಿ ನಾನೂ ಒಬ್ಬ.

ಫೆಬ್ರವರಿ ತಿಂಗಳಿಗೆಂದು ವಾಚನಾಲಯದವರು ಒಂದು ಓದಿನ ಪಂಥ ಕಟ್ಟಿದ್ದರು. ಇಪ್ಪತ್ತೆಂಟು ದಿನ, ನಾಲ್ಕು ವಾರ, ವಾರಕ್ಕೊಂದು ಬಗೆಯ ಪುಸ್ತಕ. ಒಬ್ಬೊಬ್ಬರೇ ಸೇರುವ ಹಾಗಿಲ್ಲ, ಜೋಡಿ ಬೇಕು. ನಿಮ್ಮ ಪುಸ್ತಕವನ್ನು ನಿಮ್ಮ ಜೋಡಿಯವರು ಆರಿಸಬೇಕು, ಅವರದನ್ನು ನೀವು. ಓದಿದ್ದನ್ನು ಕೈಯಾರೆ ಕಾಗದ ಬರೆದು ತಿಳಿಸಬೇಕು, ವಾಟ್ಸಾಪು ನಡೆಯುವುದಿಲ್ಲ. ತಿಂಗಳು ಮುಗಿದ ಮೇಲೆ ಬಂದ ಕಾಗದಗಳನ್ನು ವಾಚನಾಲಯಕ್ಕೆ ತಂದು ಒಪ್ಪಿಸಬೇಕು. ಎಲ್ಲರೆದುರು ಓದಬಹುದು ಎಂದಿದ್ದರೆ ಕವರಿನ ಮೇಲೆ ಹಾಗೆಂದು ಬರೆಯಬೇಕು. ಈ ಇಬ್ಬರೂ ಬರೆದಿದ್ದರು.

ಇಬ್ಬರೆಂದರೆ ಸಾಂತಾಕ್ರೂಜಿನ ನೀಲಾವತಿ ಮತ್ತು ಅಂಧೇರಿಯ ಚನ್ನವ್ವ. ಒಬ್ಬಾಕೆ ಕಾಪು ಕಡೆಯವಳು, ಇನ್ನೊಬ್ಬಾಕೆ ವಿಜಯಪುರದವಳು. ಇಪ್ಪತ್ತೆರಡು ವರ್ಷ ಒಂದೇ ಚಾಳಿನಲ್ಲಿ ಗೋಡೆಗೆ ಗೋಡೆ ತಾಗಿಸಿಕೊಂಡು ಇದ್ದವರು, ಒಂಬತ್ತು ವರ್ಷದಿಂದ ಮಾತಿಲ್ಲ. ನೀಲಾವತಿ ಮಾರ್ಚ್ ಎಂಟಕ್ಕೆ ಮುಂಬಯಿ ಬಿಟ್ಟು ಊರಿಗೆ ಹೊರಟಿದ್ದಾಳೆ, ಮತ್ತೆ ಬರುವ ಹಾಗೆ ಅಲ್ಲ. ಕಾಗದ ಶುರುವಾದಾಗ ಆ ಸುದ್ದಿ ಚನ್ನವ್ವನಿಗೆ ಗೊತ್ತಿರಲಿಲ್ಲ. "ಹೊರಡುವ ಮೊದಲು ಇವರಿಬ್ಬರೂ ಒಮ್ಮೆ ಎದುರುಬದುರು ಕೂತು ಓದುತ್ತಾರೋ ಇಲ್ಲವೋ, ಕಥೆ ಇಷ್ಟೇ. ಇನ್ನು ಅವರೇ ಹೇಳಲಿ," ಎಂದು ದೇವಾನಂದ ಕನ್ನಡಕ ಏರಿಸಿ ಓದತೊಡಗಿದರು.

*

ಸಾಂತಾಕ್ರೂಜ್ ಪೂರ್ವ
6 ಜನವರಿ 2025

ಪ್ರೀತಿಯ ಚನ್ನಕ್ಕನಿಗೆ,

ಫೋನು ಮಾಡಿದರೆ ನಿನ್ನ ಮಗಳು ಶೀತಲ, "ಮಮ್ಮಿ ಸೋ ರಹೀ ಹೈ ಆಂಟಿ" ಅನ್ನುತ್ತಾಳೆ. ಒಂಬತ್ತು ವರ್ಷ ನಿದ್ದೆ ಮಾಡುವವರು ಪುರಾಣದಲ್ಲಿ ಇರಬಹುದು, ಅಂಧೇರಿಯಲ್ಲಿ ಇರಲಿಕ್ಕಿಲ್ಲ. ಅದಕ್ಕೆ ಕಾಗದ ಬರೆಯುತ್ತಿದ್ದೇನೆ. ಕಾಗದಕ್ಕೆ "ಮಲಗಿದ್ದಾಳೆ" ಎಂದು ಹೇಳಿದರೆ ಅದು ಮೇಜಿನ ಮೇಲೆ ಕೂತು ಕಾಯುತ್ತದೆ.

ವಿಷಯ ಏನೆಂದರೆ, ಫೋರ್ಟಿನ ನಮ್ಮ ವಾಚನಾಲಯದಲ್ಲಿ ಫೆಬ್ರವರಿಗೆ ನಾಲ್ಕು ವಾರದ ಒಂದು ಓದಿನ ಪಂಥ. ಜೋಡಿಯಾಗಿ ಸೇರಬೇಕು. ನಾನು ನನ್ನ ಹೆಸರು ಬರೆದೆ. ಜೋಡಿ ಎಂಬ ಜಾಗದಲ್ಲಿ ಪೆನ್ನು ತಾನಾಗಿಯೇ ನಿನ್ನ ಹೆಸರು ಬರೆಯಿತು. ಪೆನ್ನಿನ ಮೇಲೆ ಸಿಟ್ಟು ಮಾಡಿಕೊಳ್ಳಬೇಡ.

ಮೊದಲ ವಾರ ಅಡುಗೆ ನಡೆಯುವ ಪುಸ್ತಕ ಓದಬೇಕು. ಎರಡನೆಯ ವಾರ ನಾವು ಕಾಲಿಡದ ಊರಿನ ಪುಸ್ತಕ. ಮೂರನೆಯ ವಾರ ಅರ್ಧಕ್ಕೆ ಬಿಟ್ಟ ಪುಸ್ತಕ. ಈ ಸಲದ ಫೆಬ್ರವರಿ ಶನಿವಾರ ಶುರುವಾಗಿ ಶುಕ್ರವಾರ ಮುಗಿಯುತ್ತದೆ. ಕ್ಯಾಲೆಂಡರಿನವನು ನಮಗಾಗಿಯೇ ಕತ್ತರಿಸಿ ಇಟ್ಟ ಹಾಗಿದೆ.

ಇವರಿಗೆ ಹೇಳಿದೆ. "ಎಂತ ಮಾರಾಯ್ತಿ, ನಿನಗೆ ಈ ತಿಂಗಳೇ ಆಗಬೇಕಾ ಓದುವುದು?" ಅಂದರು. ಈ ತಿಂಗಳೇ ಆಗಬೇಕು ಅಂದೆ.

ಸಾಂತಾಕ್ರೂಜಿಗೂ ಅಂಧೇರಿಗೂ ನಡುವೆ ಇರುವುದು ಒಂದೇ ಸ್ಟೇಷನ್ನು, ಚನ್ನಕ್ಕ.

ನಿನ್ನ
ನೀಲಾ

*

ಅಂಧೇರಿ ಪೂರ್ವ
15 ಜನವರಿ 2025

ಶ್ರೀಮತಿ ನೀಲಾವತಿ ಪೂಜಾರಿ ಅವರಿಗೆ ನಮಸ್ಕಾರಗಳು.

ನಿಮ್ಮ ಪತ್ರ ಸಂಕ್ರಾಂತಿಯ ಹಿಂದಿನ ದಿನ ಬಂತು. ಹಬ್ಬದ ಕೆಲಸವಿದ್ದುದರಿಂದ ಉತ್ತರ ತಡವಾಯಿತು.

ನನ್ನನ್ನು ಕೇಳದೆ ನನ್ನ ಹೆಸರು ಬರೆದದ್ದು ಸರಿಯಲ್ಲ. ಮುಂಚೆಯೂ ಕೆಲವು ಕೆಲಸಗಳನ್ನು ನೀವು ನನ್ನನ್ನು ಕೇಳದೆಯೇ ಮಾಡಿದ್ದೀರಿ. ಅದರ ಮಾತು ಈಗ ಬೇಡ. ವಾಚನಾಲಯದವರಿಗೆ ತಿಳಿಸಿ ಬೇರೆ ಯಾರನ್ನಾದರೂ ಜೋಡಿ ಮಾಡಿಕೊಳ್ಳಿರಿ. ನನಗೆ ಈಗ ಮನೆಗೆಲಸ ಬಹಳ.

ನಿಮ್ಮ ಯಜಮಾನರಾದ ದೂಜಣ್ಣನವರಿಗೆ ನಮಸ್ಕಾರ ತಿಳಿಸಿರಿ.

ಇತಿ,
ಚನ್ನವ್ವ ಶ್ರೀಶೈಲ ಬಿರಾದಾರ

ತಾ.ಕ.: ನಾಲ್ಕು ವಾರವೆಂದು ಹೇಳಿ ಮೂರು ವಾರದ ಬಗೆ ಮಾತ್ರ ಬರೆದಿದ್ದೀರಿ. ನಾಲ್ಕನೆಯದು ಯಾವುದು?

*

ಸಾಂತಾಕ್ರೂಜ್ ಪೂರ್ವ
20 ಜನವರಿ 2025

ಪ್ರೀತಿಯ ಚನ್ನಕ್ಕನಿಗೆ,

ಇಡೀ ಕಾಗದದಲ್ಲಿ "ನೀವು" ಅಂದಿದ್ದೀ. ಅಡುಗೆಮನೆಯಲ್ಲಿ ನಿಂತು ಓದುತ್ತಿದ್ದೆ, ಹಾಲು ಉಕ್ಕಿ ಹೋಯಿತು. ತಾ.ಕ. ಓದಿದ ಮೇಲೆ ಒಲೆ ಒರೆಸಿದೆ.

ಕೇಳದೆ ಹೆಸರು ಬರೆದದ್ದು ತಪ್ಪು. ಒಪ್ಪಿದೆ. ಕೇಳಿದ್ದರೆ ನೀನು ಬೇಡ ಅನ್ನುತ್ತಿದ್ದಿ, ಅದಕ್ಕೇ ಕೇಳಲಿಲ್ಲ. ಇದೂ ತಪ್ಪೇ.

ನಾಲ್ಕನೆಯ ವಾರ ಇನ್ನೊಬ್ಬರಿಗೆ ಗಟ್ಟಿಯಾಗಿ ಓದಿ ಹೇಳುವ ಪುಸ್ತಕ. ಎದುರಿಗೆ ಕೂತು ಓದಬೇಕಂತೆ, ಫೋನಿನಲ್ಲಿ ಓದಿದರೆ ಲೆಕ್ಕಕ್ಕಿಲ್ಲವಂತೆ. ಬೇಕೆಂದೇ ಬರೆದಿರಲಿಲ್ಲ. ಹೆದರಿ ಓಡುತ್ತೀ ಎಂದು.

ನಿನಗೆ ಎರಡು ಪುಸ್ತಕ ಆರಿಸಿದ್ದೇನೆ. ಮೊದಲ ವಾರಕ್ಕೆ ಕುಂದಾಪುರ ಕಡೆಯ ಮದುವೆ ಅಡುಗೆಯವನೊಬ್ಬನ ಕಾದಂಬರಿ. ಎರಡನೆಯ ವಾರಕ್ಕೆ, ದ್ವೀಪದ ದೀಪಸ್ತಂಭ ಕಾಯುವವನ ಹೆಂಡತಿಯ ಕಥೆ. ಸಮುದ್ರದ ನಡುವೆ ನೀನು ಎಲ್ಲಿ ಕಾಲಿಟ್ಟಿದ್ದೀ! ಎರಡನ್ನೂ ದೇವಾನಂದರು ಶೀತಲಳ ಕೈಗೆ ಕೊಡುತ್ತಾರೆ, ಅವಳ ಆಫೀಸು ಅಲ್ಲೇ ಹತ್ತಿರವಲ್ಲವೇ. ಮೂರನೆಯ ವಾರದ ಜಾಗ ಖಾಲಿ ಬಿಟ್ಟಿದ್ದೇನೆ.

ಚಾಳಿನಲ್ಲಿ ನಾವು ಹೇಗೆ ಓದುತ್ತಿದ್ದೆವು, ನೆನಪುಂಟಾ? ಶ್ರೀಶೈಲಣ್ಣ ಬ್ಯಾಂಕಿನಿಂದ ಬರುವಾಗ ವಾಚನಾಲಯದ ಒಂದು ಪುಸ್ತಕ ಚೀಲದಲ್ಲಿ ತರುತ್ತಿದ್ದರು. ಬೆಳಿಗ್ಗೆ ನಾನೊಂದು ಅಧ್ಯಾಯ ಓದುವುದು, ಮಧ್ಯಾಹ್ನ ಮೂರಕ್ಕೆ ಕಿಟಕಿಯಿಂದ ನಿನಗೆ ದಾಟಿಸುವುದು. ಅದೇ ಅಧ್ಯಾಯವನ್ನು ನೀನು ಮುಗಿಸುವ ತನಕ ನಾನು ಮುಂದಕ್ಕೆ ಹೋಗುವ ಹಾಗಿಲ್ಲ. ಒಮ್ಮೆ ನಿನಗೆ ಜ್ವರ ಬಂದು ಕೊಲೆ ಮಾಡಿದವ ಯಾರೆಂದು ತಿಳಿಯಲು ನಾನು ಎಂಟು ದಿನ ಒದ್ದಾಡಿದೆ. ನಿನ್ನ ಜ್ವರಕ್ಕಿಂತ ಅದೇ ನನಗೆ ಹೆಚ್ಚು ಸಂಕಟವಾಗಿತ್ತು ಎಂದು ಆಗ ಹೇಳಿರಲಿಲ್ಲ.

ನನಗೂ ಎರಡು ಪುಸ್ತಕ ಆರಿಸು.

ನಿನ್ನ
ನೀಲಾ

*

ಅಂಧೇರಿ ಪೂರ್ವ
29 ಜನವರಿ 2025

ನೀಲಾವತಿಗೆ,

ಶೀತಲ ಪುಸ್ತಕಗಳನ್ನು ತಂದು ಟಿವಿಯ ಮೇಜಿನ ಮೇಲೆ ಇಟ್ಟಿದ್ದಾಳೆ. "ಮಮ್ಮಿ, ಪಢ್ ಲೋ ನಾ. ಎಷ್ಟ್ ದಿನ ಸೀರಿಯಲ್‌ದಾಗಿನ ಅತ್ತಿ ಸೊಸಿ ಜಗಳಾನ ನೋಡ್ತೀ?" ಎನ್ನುತ್ತಾಳೆ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನನಗೆ ಉಪದೇಶ ಮಾಡಲು ಬರುತ್ತದೆ.

ಬಂದ ಪುಸ್ತಕವನ್ನು ಓದದೆ ಹಿಂದಿರುಗಿಸುವುದು ನನ್ನ ಪದ್ಧತಿಯಲ್ಲ. ಆದ್ದರಿಂದ ಓದುತ್ತೇನೆ. ಅಷ್ಟೇ.

ನಿನಗೆ ಮೊದಲ ವಾರಕ್ಕೆ ಖಾನಾವಳಿ ನಡೆಸಿ ನಾಲ್ಕು ಮಕ್ಕಳನ್ನು ಸಾಕಿದ ಹೆಂಗಸಿನ ಆತ್ಮಕಥೆ. ಎರಡನೆಯ ವಾರ ಕಾಲಿಡದ ಊರಿನದಲ್ಲವೇ? ಹಾಗಾದರೆ ನಮ್ಮ ಊರಿನದೇ ಓದು. ವಿಜಯಪುರದ ಹಳೆಯ ಬಾವಿಗಳ ಮೇಲೆ ಒಂದು ಪುಸ್ತಕವಿದೆ. ಇಪ್ಪತ್ತೆರಡು ಬೇಸಿಗೆ "ಈ ಸಲ ಬರ್ತೇನೆ ಚನ್ನಕ್ಕ" ಎಂದೆ. ನಮ್ಮ ತಾಯಿ ಪ್ರತಿ ಸಲವೂ ನಿನಗೆಂದು ಒಂದು ಚಾದರ ತೆಗೆದಿಡುತ್ತಿದ್ದಳು.

ಚನ್ನವ್ವ

*

ಅಂಧೇರಿ ಪೂರ್ವ
7 ಫೆಬ್ರವರಿ 2025

ನೀಲಾಗೆ,

ಮೊದಲ ವಾರದ ಪುಸ್ತಕ ಮುಗಿಯಿತು. ಚೆನ್ನಾಗಿದೆ. ಅಡುಗೆಯವನು ಒಳ್ಳೆಯ ಮನುಷ್ಯ. ಸಾವಿರ ಜನರ ಮದುವೆಯಲ್ಲಿ ಬೇಳೆ ಸೀದು ಹೋಗುತ್ತದೆ, ಎಲ್ಲರೂ ತಲೆಯ ಮೇಲೆ ಕೈ ಹೊತ್ತು ಕೂರುತ್ತಾರೆ. ಆಗ ಅವನು ಎದೆಗುಂದದೆ ಎಲ್ಲರಿಗೂ ಬಿಸಿ ಬಿಸಿ ಶೇಂಗಾ ಹೋಳಿಗೆ ಮಾಡಿ ಬಡಿಸುತ್ತಾನೆ. ಬೀಗರು ಕಣ್ಣೀರು ಹಾಕುತ್ತಾರೆ. ಆ ಭಾಗ ನನಗೆ ಬಹಳ ಹಿಡಿಸಿತು.

ಕಾಗದ ಬರೆದು ಬರೆದು ಕೈ ನೋಯುತ್ತದೆ. ಬಹಳ ದಿನ ಆಗಿತ್ತು.

ಚನ್ನಕ್ಕ

*

ಸಾಂತಾಕ್ರೂಜ್ ಪೂರ್ವ
10 ಫೆಬ್ರವರಿ 2025

ಪ್ರೀತಿಯ ಚನ್ನಕ್ಕ,

"ಚನ್ನಕ್ಕ" ಎಂದು ರುಜು ಹಾಕಿದ್ದೀ. ಅದನ್ನು ಇವರಿಗೆ ತೋರಿಸಿದೆ. "ಹೌದು, ಹೆಸರು. ಅದರಲ್ಲಿ ಎಂತ ಉಂಟು?" ಅಂದರು. ಗಂಡಸರಿಗೆ ಕಾಗದ ತೋರಿಸಬಾರದು.

ಖಾನಾವಳಿಯ ಹೆಂಗಸನ್ನು ಎರಡೇ ದಿನದಲ್ಲಿ ಮುಗಿಸಿದೆ. ಮೊದಲ ದಿನ ಮೂವರು ಗಿರಾಕಿಗಳು, ಅವರಲ್ಲಿ ಇಬ್ಬರು ಉಪವಾಸ ಎಂದು ಬರೀ ನೀರು ಕುಡಿದು ಹೋಗುತ್ತಾರೆ. ಅಲ್ಲಿ ನಕ್ಕೆ. ಕೊನೆಯ ಮಗಳ ಮದುವೆಯ ಮರುದಿನ ಆಕೆ ಎಂದಿನಂತೆ ಐವತ್ತು ರೊಟ್ಟಿ ಬಡಿದು, ಆಮೇಲೆ ಉಣ್ಣುವವರು ಯಾರೂ ಇಲ್ಲವೆಂದು ನೆನಪಾಗಿ ಕೂರುತ್ತಾಳಲ್ಲ, ಅಲ್ಲಿ ಪುಸ್ತಕ ಮುಚ್ಚಿಟ್ಟು ಸ್ವಲ್ಪ ಹೊತ್ತು ಬಾಲ್ಕನಿಯಲ್ಲಿ ನಿಂತೆ. ಅಭ್ಯಾಸ ಬಲದಿಂದ ಮೂರು ಗಂಟೆಗೆ ಪುಸ್ತಕ ಹಿಡಿದು ಎದ್ದೆ ಕೂಡ. ಚಾಳು ಕೆಡವಿ ಕಟ್ಟಿದ ಈ ಬಿಲ್ಡಿಂಗಿನಲ್ಲಿ ಪಕ್ಕದ ಮನೆಗೆ ಕಿಟಕಿಯೇ ಇಲ್ಲ. ಗೋಡೆಗೆ ಮುಖ ಮಾಡಿ ನಿಂತೆ.

ಈಗ ನಿಮ್ಮ ಊರಿನ ಬಾವಿಗಳಿಗೆ ಇಳಿಯುತ್ತಿದ್ದೇನೆ. ನಿನ್ನ ತಾಯಿ ತೆಗೆದಿಟ್ಟ ಚಾದರದ ಮಾತು ನನಗೆ ಗೊತ್ತಿರಲಿಲ್ಲ.

ನಿನ್ನ
ನೀಲಾ

*

ಅಂಧೇರಿ ಪೂರ್ವ
14 ಫೆಬ್ರವರಿ 2025

ನೀಲವ್ವ,

ದೀಪಸ್ತಂಭದ ಕಥೆಯೂ ಮುಗಿಯಿತು. ಪಾಪ, ಆ ಹೆಣ್ಣುಮಗಳು. ಸುತ್ತ ನೀರು, ಮಾತಾಡಲು ಒಂದು ಹುಳವೂ ಇಲ್ಲ. ಗಂಡ ರಾತ್ರಿ ಎಚ್ಚರ, ಹಗಲು ನಿದ್ದೆ. ಅವಳಿಗೆ ಇದ್ದದ್ದು ಒಂದು ಆಡು ಮಾತ್ರ. ಅದರ ಜೊತೆ ದಿನವೂ ಜಗಳವಾಡುತ್ತಾಳೆ, ಅದು ತಲೆ ಅಲ್ಲಾಡಿಸುತ್ತದೆ. ಕೊನೆಗೆ ಬಿರುಗಾಳಿಯ ದಿನ ಗಂಡನಿಗೆ ಮೇಲೆ ಹತ್ತಲು ಆಗುವುದಿಲ್ಲ. ಆಗ ಆಕೆ ಆಡಿನ ಕೊರಳಿಗೆ ಕಂದೀಲು ಕಟ್ಟಿ ಮೇಲಕ್ಕೆ ಅಟ್ಟುತ್ತಾಳೆ. ನೂರಾ ಎಂಬತ್ತು ಮೆಟ್ಟಿಲು! ಆಡು ಮೇಲೆ ಹೋಗಿ ನಿಲ್ಲುತ್ತದೆ, ಹಡಗು ಉಳಿಯುತ್ತದೆ. ಆಡು ಮಾತ್ರ ಮತ್ತೆ ಕೆಳಗೆ ಇಳಿಯುವುದಿಲ್ಲ, ಅದಕ್ಕೆ ಮೇಲಿನಿಂದ ಸಮುದ್ರ ನೋಡುವ ಹುಚ್ಚು ಹತ್ತಿಬಿಡುತ್ತದೆ. ಅವಳು ಕೆಳಗೆ ನಿಂತು ಕರೆಯುತ್ತಲೇ ಇರುತ್ತಾಳೆ.

ಬರೆದವರು ಬಹಳ ಚೆನ್ನಾಗಿ ಬರೆದಿದ್ದಾರೆ.

ಚನ್ನಕ್ಕ

*

ಸಾಂತಾಕ್ರೂಜ್ ಪೂರ್ವ
17 ಫೆಬ್ರವರಿ 2025

ಚನ್ನಕ್ಕ,

ಆ ಪುಸ್ತಕದಲ್ಲಿ ಆಡೇ ಇಲ್ಲ.

ಮೊದಲು ನಾನೇ ಮರೆತೆನೋ ಎಂದುಕೊಂಡೆ. ನಿನ್ನೆ ಭಾನುವಾರ, ವಾಚನಾಲಯಕ್ಕೆ ಹೋಗಿ ದೇವಾನಂದರ ಹತ್ತಿರ ಇನ್ನೊಂದು ಪ್ರತಿ ಹುಡುಕಿಸಿ, ಅಲ್ಲೇ ಕೂತು ಮೊದಲಿನಿಂದ ಕೊನೆಯ ತನಕ ನೋಡಿದೆ. ಆಡು ಇಲ್ಲ, ಕುರಿ ಇಲ್ಲ, ಒಂದು ಕೋಳಿ ಉಂಟು, ಅದನ್ನೂ ಹದಿನಾಲ್ಕನೆಯ ಪುಟದಲ್ಲಿ ತಿಂದುಬಿಡುತ್ತಾರೆ. ದೇವಾನಂದರು "ಏನಮ್ಮ ಹುಡುಕುತ್ತಿದ್ದೀರಿ?" ಎಂದರು. "ಆಡು" ಎಂದೆ. ಅವರು ನನ್ನನ್ನು ನೋಡಿದ ರೀತಿ ನೀನು ನೋಡಬೇಕಿತ್ತು.

ಈಗ ನನಗೆ ಮೊದಲ ವಾರದ ಹೋಳಿಗೆಯ ಮೇಲೂ ಸಂಶಯ. ಕುಂದಾಪುರದ ಅಡುಗೆಯವನು ಸಾವಿರ ಜನಕ್ಕೆ ಶೇಂಗಾ ಹೋಳಿಗೆ ಯಾಕೆ ಮಾಡುತ್ತಾನೆ, ಮಾರಾಯ್ತಿ? ನಿನ್ನ ಕಾಗದ ಬಂದ ಸಂತೋಷದಲ್ಲಿ ನಾನು ಅದನ್ನು ನುಂಗಿಬಿಟ್ಟೆ.

ನಗುತ್ತಾ ಬರೆಯುತ್ತಿದ್ದೇನೆ, ಆದರೆ ಪೂರ್ತಿ ನಗು ಬರುತ್ತಿಲ್ಲ. ಇಡೀ ಚಾಳಿನಲ್ಲಿ ಪುಸ್ತಕದ ಹುಳ ಎಂದರೆ ನೀನು. ಅಂಥವಳು ಯಾಕೆ ಓದುತ್ತಿಲ್ಲ?

ಮೂರನೆಯ ವಾರದ ಜಾಗ ಖಾಲಿ ಇಟ್ಟಿದ್ದೆ. ಈಗ ತುಂಬುತ್ತೇನೆ. ನಿನಗೆ ಮತ್ತು ನನಗೆ ಇಬ್ಬರಿಗೂ ಒಂದೇ ಪುಸ್ತಕ. ಶ್ರೀಶೈಲಣ್ಣ ಕೊನೆಗೆ ತಂದದ್ದು, ಹಸಿರು ರಟ್ಟಿನದು, ಮೂವರು ಅಕ್ಕತಂಗಿಯರದು. ನಾವು ಇನ್ನೂರ ಐವತ್ತಾರನೆಯ ಪುಟದಲ್ಲಿ ನಿಂತಿದ್ದೆವು.

ನಿನ್ನ
ನೀಲಾ

*

ಅಂಧೇರಿ ಪೂರ್ವ
20 ಫೆಬ್ರವರಿ 2025

ನೀಲವ್ವ,

ಸಿಟ್ಟು ಬಂದಾಗ ನನಗ ಬರಿಯೋ ಕನ್ನಡ ಬರೂದಿಲ್ಲ. ಮಾತಾಡಿಧಂಗ ಬರೀತೀನಿ, ಓದ್ಕೋ.

ಆ ಪುಸ್ತಕದ ಹೆಸರ ತಗೀಲಿಕ್ಕೆ ನಿನಗ ಒಂಬತ್ತ ವರ್ಷ ಬೇಕಾತು. ಅವರು ಹೋದ ಮ್ಯಾಲ ಹನ್ನೊಂದ ದಿನ ನಾ ಒಳಗಿನ ಖೋಲಿಯೊಳಗ ಕುಂತಿದ್ದೆ. ಮನಿ ತುಂಬ ಊರಿನ ಮಂದಿ. ಒಬ್ಬಾಕಿ ಬಂದು ಅಳಾಕಿ, ಇನ್ನೊಬ್ಬಾಕಿ ಬಂದು ಬುದ್ಧಿ ಹೇಳಾಕಿ. ನಮ್ಮ ದೊಡ್ಡ ನೆಗೆಣ್ಣಿ, "ಇನ್ನ ಪೂಜಿ ಪುರಾಣ ಸಾಕ ನಿನಗ, ಬ್ಯಾರೆ ಏನೂ ಬ್ಯಾಡ" ಅಂದ್ಲು. ನಾ ಮನಸಿನ್ಯಾಗ ಅಂದ್ಕೊಂಡೆ, ಅನ್ನಲಿ, ಮೂರಕ್ಕ ನೀಲಾ ಬರ್ತಾಳ. ನೀ ಬಂದಿ. ದಿನಾ ಬಂದಿ. ಗಂಜಿ ತಂದಿ, ನನ್ನ ತಲಿ ಸವರಿದಿ, ಹ್ವಾದಿ. ಪುಸ್ತಕ ತರಲಿಲ್ಲ. ನಾಕನೇ ದಿನ, ಐದನೇ ದಿನ, ದಿನಾ ನಾ ನಿನ್ನ ಕೈ ನೋಡತಿದ್ದೆ, ನೀ ನನ್ನ ಮಾರಿ ನೋಡತಿದ್ದಿ. ಆರನೇ ದಿನ ಬಾಯಿ ಬಿಟ್ಟು ಕೇಳೇಬಿಟ್ಟೆ. "ಅದನ್ನ ತಿರುಗಿ ಕೊಟ್ಟಾಯ್ತಲ್ಲ ಚನ್ನಕ್ಕ" ಅಂದಿ, ಮೆತ್ತಗ, ಸಣ್ಣ ಹುಡುಗಿಗೆ ಹೇಳಿಧಂಗ.

ಅವರು ತಮ್ಮ ಕೈಲೆ ತಂದದ್ದು ಅದು. ಅದರಾಗ ಇನ್ನೂ ಅರವತ್ತೆರಡ ಪುಟ ಇದ್ವು. ಅಷ್ಟ ದಿನ ಅವರು ತಂದದ್ದು ಏನರ ಬಾಕಿ ಐತಿ ಅಂತ ಇರತಿತ್ತು ನನಗ. ನೀನೂ ಮಂದಿಯೊಳಗ ಒಬ್ಬಾಕಿ ಆದಿ. ರಂಡಮುಂಡಿಗೆ ಕಾದಂಬರಿ ಯಾಕ ಅಂದ್ಕೊಂಡಿ.

ಹೌದು, ಆಡು ನಂದು. ಹೋಳಿಗೀನೂ ನಂದು. ಹಿಂದಿನ ರಟ್ಟಿನ ಮ್ಯಾಲ ಬರದದ್ದ ನೋಡಿ ಉಳದದ್ದು ಕಟ್ಟಿ ಹೇಳೀನಿ. ಅವತ್ತಿನಿಂದ ಇವತ್ತಿನ ತನಕ ಒಂದ ಪುಸ್ತಕಾನೂ ನಾ ಮುಗಿಸಿಲ್ಲ. ಹತ್ತ ಪುಟ ಓದ್ತೀನಿ, ಕಣ್ಣ ತಾನ ಕಿಡಕಿ ಕಡೆ ಹೋಗತೈತಿ. ಮುಂದ ಹ್ವಾದ್ರ ನಿನ್ನ ಬಿಟ್ಟ ಹ್ವಾದಂಗ ಅನಸತೈತಿ. ಸಿಟ್ಟ ನಿನ್ನ ಮ್ಯಾಲನ ಐತಿ, ದಾರೀನೂ ನಿಂದ ಕಾಯ್ತೀನಿ. ಇದೆಂಥಾ ಬಾಳೇ ನೀಲವ್ವ?

ಆ ಪುಸ್ತಕ ಓದೂದಿಲ್ಲ ನಾ.

ಚನ್ನಕ್ಕ

*

ಸಾಂತಾಕ್ರೂಜ್ ಪೂರ್ವ
23 ಫೆಬ್ರವರಿ 2025

ಚನ್ನಕ್ಕ,

ನಿನ್ನ ಕಾಗದ ನಿನ್ನೆ ಬಂತು. ಮೂರು ಸಲ ಓದಿದೆ. ಒಮ್ಮೆ ಇವರು ಹತ್ತಿರ ಬಂದರು, ನೋಡಿ, ಚಾ ಮಾಡಿ ತಂದಿಟ್ಟರು.

ಪುಸ್ತಕ ಹಿಂದಿರುಗಿಸಿದ್ದು ನಾನೇ. ಐದನೆಯ ದಿನ, ಇವರ ಕೈಯಲ್ಲಿ ಕೊಟ್ಟು ಕಳಿಸಿದೆ. ಯಾಕೆಂದು ಹೇಳುತ್ತೇನೆ. ಹೇಳಿದರೆ ತಪ್ಪು ಸಣ್ಣದಾಗುತ್ತದೆ ಎಂದಲ್ಲ.

ನಮ್ಮ ಕಡೆ ಸಾವಿನ ಮನೆಯಲ್ಲಿ ಒಗ್ಗರಣೆ ಹಾಕುವುದಿಲ್ಲ. ಅಕ್ಕಪಕ್ಕದ ಮನೆಯವರೂ ಸದ್ದಾಗದ ಹಾಗೆ ನೋಡಿಕೊಳ್ಳುತ್ತಾರೆ. ಆ ಹನ್ನೊಂದು ದಿನ ನಮ್ಮ ಮನೆಯಲ್ಲೂ ಸಾಸಿವೆ ಸಿಡಿಯಲಿಲ್ಲ, ಬೇಯಿಸಿದ್ದನ್ನೇ ತಿಂದೆವು. ಕಾದಂಬರಿಯೂ ಒಗ್ಗರಣೆಯಂಥದ್ದೇ ಎಂದುಕೊಂಡೆ. ಮೂರು ಗಂಟೆಗೆ ನಿನ್ನ ಕಿಟಕಿಯಲ್ಲಿ ಅದನ್ನು ಹಿಡಿದು ನಿಂತರೆ ನಿನ್ನ ದುಃಖಕ್ಕೆ ಅವಮಾನ ಮಾಡಿದ ಹಾಗೆ ಎಂದುಕೊಂಡೆ. ಅದರ ಮೇಲೆ, ಅವಧಿ ಮುಗಿದರೆ ವಾಚನಾಲಯದಿಂದ ಅಣ್ಣನ ಹೆಸರಿಗೆ ಕಾರ್ಡು ಬರುತ್ತದೆ, ಅದನ್ನು ನೀನು ನೋಡಬಾರದು ಎಂದೂ ಅನ್ನಿಸಿತು. ನಿನ್ನನ್ನು ಕೇಳಬಹುದಿತ್ತು. ಒಂದು ಗೋಡೆಯ ಆಚೆ ಇದ್ದಿ. ಕೇಳಲಿಲ್ಲ. ನನ್ನ ಊರಿನ ರೀತಿಯನ್ನು ನಿನ್ನ ಮೇಲೆ ಹೊದೆಸಿ, ಮರ್ಯಾದೆ ಮಾಡಿದೆ ಎಂದುಕೊಂಡು ಒಂಬತ್ತು ವರ್ಷ ಇದ್ದೆ.

ನೀನು ಕಾಯುತ್ತಿದ್ದಿ ಎಂದು ನನಗೆ ಗೊತ್ತಿರಲಿಲ್ಲ. ರಂಡಮುಂಡೆ ಎಂಬ ಮಾತು ನನ್ನ ಮನಸ್ಸಿನಲ್ಲಿ ಬಂದಿದ್ದರೆ ನನ್ನ ನಾಲಿಗೆ ಬಿದ್ದುಹೋಗಲಿ.

ಇನ್ನೊಂದು. ಆ ಪುಸ್ತಕ ವಾಚನಾಲಯದ ಕಪಾಟಿನಲ್ಲೇ ಇದೆ. ಎಷ್ಟೋ ಸಲ ಅದರ ಎದುರು ನಿಂತಿದ್ದೇನೆ, ತೆರೆದಿಲ್ಲ. ನೀನು ಓದದೆ ನಾನು ಹೇಗೆ ಮುಂದೆ ಹೋಗಲಿ? ನಡುವಿನ ತಂಗಿ ಮನೆಗೆ ಬಂದಳೋ ಇಲ್ಲವೋ, ನನಗೂ ಗೊತ್ತಿಲ್ಲ ಚನ್ನಕ್ಕ.

ಈಗ ಹೇಳದೆ ಉಳಿದದ್ದನ್ನು ಹೇಳಿಬಿಡುತ್ತೇನೆ. ಇವರು ಗಲ್ಲಾದಲ್ಲಿ ಕೂರುತ್ತಿದ್ದ ಫೋರ್ಟಿನ ಹೋಟೆಲು ಡಿಸೆಂಬರಿನಲ್ಲಿ ಮುಚ್ಚಿತು. ಮಗ ಸುಕೇಶ ಕಾಪುವಿನಲ್ಲಿ ಸಣ್ಣ ಹೋಟೆಲು ತೆರೆದಿದ್ದಾನೆ, "ಅಪ್ಪ ಇಲ್ಲಿ ಕೂರಲಿ" ಅನ್ನುತ್ತಾನೆ. ಮಾರ್ಚ್ ಎಂಟು, ಶನಿವಾರ ಮಧ್ಯಾಹ್ನದ ರೈಲು. ಎಲ್ಲರೂ "ಊರಿಗೆ ಹೋಗ್ತೀರಿ, ಪುಣ್ಯವಂತರು" ಅನ್ನುತ್ತಾರೆ. ನಾನು ಹೂಂ ಅನ್ನುತ್ತೇನೆ. ಹತ್ತೊಂಬತ್ತಕ್ಕೆ ಮದುವೆಯಾಗಿ ಬಂದವಳು. ನನಗೆ ಊರೆಂದರೆ ಆ ಚಾಳಿನ ಗ್ಯಾಲರಿ, ಮೂರು ಗಂಟೆಯ ಬಿಸಿಲು, ನಿನ್ನ ಬಳೆಯ ಸದ್ದು. ಅದನ್ನು ಯಾವ ರೈಲಿನಲ್ಲಿ ಹೋಗಿ ಹುಡುಕಲಿ?

ಮೊದಲೇ ಹೇಳಿದ್ದರೆ ನೀನು ಕನಿಕರಕ್ಕೆ ಬರೆಯುತ್ತಿದ್ದಿ. ನನಗೆ ನಿನ್ನ ಸಿಟ್ಟೇ ಬೇಕಿತ್ತು. ಸಿಕ್ಕಿತು.

ಮನೆಯಲ್ಲಿ ಕುರ್ಚಿಗಳನ್ನೆಲ್ಲ ಕೊಟ್ಟಾಗಿದೆ. ಬಂದರೆ ನೆಲದ ಮೇಲೆ ಕೂರಬೇಕು.

ನಿನ್ನ
ನೀಲಾ

*

ದೇವಾನಂದ ಕಾಗದಗಳನ್ನು ಮಡಚಿ ಇಟ್ಟರು. ಅಂಧೇರಿಯಲ್ಲೇ ಇರುವ ಮಾಧುರಿ ಟೀಚರಿಗೆ ತಡೆಯಲಾಗಲಿಲ್ಲ.

"ಇದಕ್ಕೆ ಉತ್ತರ? ಹನ್ನೊಂದನೇ ಕಾಗದ?"

"ಇಲ್ಲ," ಎಂದರು ದೇವಾನಂದ. "ಮೊನ್ನೆ ಶುಕ್ರವಾರ ಶೀತಲ ತಾಯಿಯ ಕಡೆಯ ಕವರು ತಂದುಕೊಟ್ಟಳು. ಅದರಲ್ಲಿ ನೀಲಾವತಿಯವರ ಕಾಗದಗಳಷ್ಟೇ. ನಿನ್ನೆ ನೀಲಾವತಿಯವರು ತಮ್ಮ ಕವರು ಕೊಟ್ಟರು, ಅದರಲ್ಲೂ ಉತ್ತರ ಇಲ್ಲ. 'ನಾಲ್ಕನೆಯ ವಾರ ನಮ್ಮದು ಆಗಲಿಲ್ಲ, ಬರೆದುಕೊಳ್ಳಿ' ಅಂದು ಹೋದರು."

"ಅಂದ್ರೆ ಬರುವುದಿಲ್ಲ ಅಂತಲಾ?" ಎಂದ ಚೆನ್ನಯ. ಅವನು ಸಾಂತಾಕ್ರೂಜಿನ ಹೋಟೆಲೊಂದರಲ್ಲಿ ಮ್ಯಾನೇಜರು, ನೀಲಾವತಿಯ ಬಿಲ್ಡಿಂಗಿನ ಹಿಂದಿನ ಗಲ್ಲಿಯಲ್ಲೇ ಮನೆ.

"ನನಗೇನು ಗೊತ್ತು ಮಾರಾಯ. ಗೊತ್ತಿರುವುದು ಇಷ್ಟು. ಆ ಹುಡುಗಿ ಕವರು ಕೊಟ್ಟ ಮೇಲೆ ಒಂದು ಸದಸ್ಯತ್ವದ ಫಾರ್ಮು ಕೇಳಿದಳು. ಹಿಂದೆಲ್ಲ ಗಂಡ ಶ್ರೀಶೈಲರ ಕಾರ್ಡಿನ ಮೇಲೆ ಓದಿದವರು, ಈಗ ಚನ್ನವ್ವ ಅಂತಲೇ ಬೇರೆ ಕಾರ್ಡು. ಹಸಿರು ರಟ್ಟಿನ ಪುಸ್ತಕ ತೆಗೆದುಕೊಂಡು ಹೋದಳು. 'ಕೌನ್ ಪಢೇಗಾ, ಯಾರು ಓದುವುದು?' ಅಂತ ಕೇಳಿದೆ. 'ಕೇಳಿದ್ರ ಮಮ್ಮಿ ಗುಸ್ಸಾ ಆಗ್ತಾಳ ಅಂಕಲ್, ನಾ ಏನೂ ಕೇಳಿಲ್ಲ' ಅಂದಳು."

ಇಷ್ಟು ಹೇಳಿ ದೇವಾನಂದ ದೀಪ ಆರಿಸಿದರು. ವಾಚನಾಲಯ ಮುಚ್ಚುವ ಹೊತ್ತಾಗಿತ್ತು.

ಮರುದಿನ ಬೆಳಿಗ್ಗೆ ನಾನು ಒಂಬತ್ತಕ್ಕೆ ಸಾಂತಾಕ್ರೂಜಿನಲ್ಲಿ ಇಳಿದೆ. ಊರಿಗೆ ಹೊರಟವರಿಗೆ ಗಂಟುಮೂಟೆ ಕಟ್ಟಲು ಒಂದು ಕೈ ಕೊಡೋಣ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಬಿಲ್ಡಿಂಗಿನ ಗೇಟಿನಲ್ಲಿ ಮಾಧುರಿ ಟೀಚರ್ ನಿಂತಿದ್ದರು, ಕಂಕುಳಲ್ಲಿ ಹಳೆಯ ಪೇಪರಿನ ಕಟ್ಟು.

"ಪಾತ್ರೆ ಸುತ್ತಲಿಕ್ಕೆ ಬೇಕಾಗ್ತದಲ್ಲ," ಎಂದರು, ನಾನು ಕೇಳುವ ಮೊದಲೇ.

ಚೆನ್ನಯ ಗೋಣಿದಾರದ ಉಂಡೆ ಹಿಡಿದು ಬಂದ. ಅವನ ಹಿಂದೆ ದೇವಾನಂದ ಬರಿಗೈಯಲ್ಲಿ ಬಂದು, "ಸೋಮವಾರ ನನಗೆ ರಜೆ," ಎಂದರು. ಲಿಫ್ಟು ಕೆಟ್ಟಿತ್ತು. ನಾಲ್ವರೂ ಮೆಟ್ಟಿಲು ಹತ್ತಿದೆವು.

ಮೂರನೆಯ ಮಾಳಿಗೆಯ ತಿರುವಿನಲ್ಲಿ ಮುಂದಿದ್ದ ಮಾಧುರಿ ಟೀಚರ್ ಗಕ್ಕನೆ ನಿಂತರು. ನೀಲಾವತಿಯ ಮನೆಯ ಬಾಗಿಲು ಅರ್ಧ ತೆರೆದಿತ್ತು. ಒಳಗೆ ಹೆಂಗಸೊಬ್ಬಳು ಗಟ್ಟಿಯಾಗಿ ಓದುತ್ತಿದ್ದಳು. ಪುಸ್ತಕದ ಕನ್ನಡವನ್ನೇ ಓದುತ್ತಿದ್ದರೂ ಪ್ರತಿ ಸಾಲಿನ ಬಾಲ ವಿಜಯಪುರದ ಕಡೆಗೆ ಎಳೆಯುತ್ತಿತ್ತು. ಕುರ್ಚಿ ಮೇಜು ಇಲ್ಲದ ಖಾಲಿ ಮನೆ. ದನಿ ಗೋಡೆಯಿಂದ ಗೋಡೆಗೆ ಹೋಗಿ ನಮ್ಮ ತನಕ ಬರುತ್ತಿತ್ತು.

ದನಿ ಒಮ್ಮೆ ಮುಗ್ಗರಿಸಿ, ಕೆಮ್ಮಿ, ಮತ್ತೆ ಓಟ ಹಿಡಿಯಿತು. ಪುಟ ಮಗುಚಿದ ಸದ್ದು. ಆಗ ಇನ್ನೊಬ್ಬಳು ನಡುವೆ ಬಾಯಿ ಹಾಕಿದಳು.

"ಎಂತ ಅವಸರ ಚನ್ನಕ್ಕ? ನಿಧಾನ ಓದು ಮಾರಾಯ್ತಿ. ಶನಿವಾರದ ತನಕ ಉಂಟಲ್ಲ."

ಓದು ನಿಂತಿತು. ಆಮೇಲೆ ಚನ್ನವ್ವ ಅದೇ ಸಾಲನ್ನು ಮೊದಲಿನಿಂದ, ಒಂದೊಂದೇ ಪದ ಬಿಡಿಸಿ ಓದತೊಡಗಿದಳು.

ನಾವು ಗಂಟೆ ಒತ್ತಲಿಲ್ಲ. ಚೆನ್ನಯ ಗೋಣಿದಾರವನ್ನು ಸದ್ದಾಗದ ಹಾಗೆ ಬಾಗಿಲ ಬದಿಗೆ ಇಟ್ಟ. ಮಾಧುರಿ ಟೀಚರ್ ಪೇಪರಿನ ಕಟ್ಟನ್ನು ಮೆಟ್ಟಿಲ ಮೇಲೆ ಹಾಸಿ ಕೂತರು, ಅವರ ಕೆಳಗಿನ ಮೆಟ್ಟಿಲಲ್ಲಿ ನಾನು, ನನ್ನ ಕೆಳಗೆ ದೇವಾನಂದ. ಒಂಬತ್ತು ನಲವತ್ತರ ಲೋಕಲ್ಲು ಹೋದ ಸದ್ದು ಕೇಳಿಸಿತು. ಅದರ ಹಿಂದಿನದೂ ಹೋಯಿತು. ಯಾರೂ ಏಳಲಿಲ್ಲ.